ಸೈಲೆನ್ಸರ್, ಏರ್ ಇನ್‌ಟೇಕ್ ಬದಲಿಸುವ ಮೊದಲು ನಿಮ್ಮ ಎಂಜಿನ್ ಅಳೆದು ನೋಡಿ

ದೊಡ್ಡ ಸೈಲೆನ್ಸರ್ ಅಥವಾ ತೆರೆದ ಏರ್ ಫಿಲ್ಟರ್ ಹಾಕಿಸಿದ ದಿನ ಕಾರಿನ ಪಿಕಪ್ ಜಾಸ್ತಿ ಆಯಿತು ಅಂತ ಎಲ್ಲರಿಗೂ ಅನಿಸುತ್ತದೆ. ಸದ್ದು ಏರಿದರೆ ವೇಗವೂ ಏರಿದ ಹಾಗೆ ಅನಿಸುವುದು ಸಹಜ. ಹಾಗಂತ ಈ ಭಾಗಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ, ಕೆಲವು ಗಾಡಿಗಳಲ್ಲಿ ನಿಜಕ್ಕೂ ಫಲ ಸಿಗುತ್ತದೆ. ನಿಮ್ಮ ಗಾಡಿ ಆ ಪೈಕಿಯದಾ ಅಂತ ದುಡ್ಡು ಕೊಡುವ ಮೊದಲೇ ಗೊತ್ತುಮಾಡಿಕೊಳ್ಳಬಹುದು.

ಸ್ವಿಫ್ಟ್‌ನಂಥ 1.2 ಲೀಟರ್ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳಿ. ಫೋರ್ ಸ್ಟ್ರೋಕ್ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ 1.2 ಲೀಟರ್ ಗಾಳಿ ಒಳಗೆ ಹೋಗುತ್ತದೆ. 6,000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೆಚ್ಚೂಕಡಿಮೆ ಸೆಕೆಂಡಿಗೆ 60 ಲೀಟರ್. ಊರೊಳಗೆ 2,000 ಆರ್‌ಪಿಎಂನಲ್ಲಿ ಓಡಿಸುವಾಗ 20 ಲೀಟರ್ ಕೂಡ ಬೇಕಾಗುವುದಿಲ್ಲ, ಯಾಕೆಂದರೆ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆದು ಗಾಳಿ ಬಿಡುವ ಕವಾಟ) ಅರ್ಧಕ್ಕಿಂತ ಹೆಚ್ಚು ಮುಚ್ಚಿಯೇ ಇರುತ್ತದೆ. ಅಲ್ಲಿ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲ್, ಫಿಲ್ಟರ್ ಅಲ್ಲ. ಹೀಗಾಗಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವವರಿಗೆ ಇನ್‌ಟೇಕ್ (ಎಂಜಿನ್‌ಗೆ ಗಾಳಿ ತರುವ ಫಿಲ್ಟರ್, ಪೈಪು) ಬದಲಿಸಿ ಸಿಗುವ ಲಾಭ ಸೊನ್ನೆಗೆ ಹತ್ತಿರ.

ಈಗ ಪರೀಕ್ಷೆಗೆ ಬರೋಣ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ (ಎಂಜಿನ್‌ನ ಮಾಹಿತಿ ಓದುವ ಸಾಕೆಟ್) ಹಾಕುವ ಬ್ಲೂಟೂತ್ ಡಾಂಗಲ್ ಒಂದು, ಫೋನಲ್ಲಿ ಅದರ ಆ್ಯಪ್ ಒಂದು, ಇಷ್ಟು ಸಾಕು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ರೆಶರ್ (ಥ್ರಾಟಲ್ ದಾಟಿ ಸಿಲಿಂಡರ್‌ಗಳಿಗೆ ಹೋಗುವ ಪೈಪಿನೊಳಗಿನ ಒತ್ತಡ) ನೋಡಿ. ಅದು ಹೊರಗಿನ ಗಾಳಿಯ ಒತ್ತಡ. ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಹತ್ತಿರ, ಬೆಂಗಳೂರಿನಲ್ಲಿ 91ರ ಆಸುಪಾಸು ತೋರಿಸಬೇಕು. ಆಮೇಲೆ ಖಾಲಿ ಇರುವ, ಪೂರ್ತಿ ದೂರ ಕಾಣುವ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಪೀಡ್ ಲಿಮಿಟ್ ಮೀರದೆ ಎಷ್ಟು ಆರ್‌ಪಿಎಂ ಏರಿಸಬಹುದೋ ಅಷ್ಟು ಏರಿಸಿ. ಆ್ಯಪ್ ಎಲ್ಲವನ್ನೂ ರೆಕಾರ್ಡ್ ಮಾಡಲಿ, ಓಡಿಸುತ್ತಾ ಫೋನ್ ನೋಡಬೇಡಿ.

ಮನೆಗೆ ಬಂದು ರೆಕಾರ್ಡ್ ತೆಗೆದು ನೋಡಿ. ಕೀ ಆನ್ ಮಾಡಿದಾಗ 91 ಇದ್ದದ್ದು ಪೂರ್ತಿ ಒತ್ತಿದಾಗ 88 ಆಗಿದ್ದರೆ, ಫಿಲ್ಟರ್, ಪೈಪು, ಥ್ರಾಟಲ್ ಎಲ್ಲ ಸೇರಿ ತಿನ್ನುತ್ತಿರುವುದು ಆ 3 ಮಾತ್ರ. ಅಷ್ಟನ್ನೂ ಉಳಿಸುವ ಇನ್‌ಟೇಕ್ ಎಲ್ಲೂ ಇಲ್ಲ, ಇದ್ದರೂ ಸಿಗುವುದು ಶೇಕಡಾ 3 ಚಿಲ್ಲರೆ. 80 ಎಚ್‌ಪಿ ಗಾಡಿಯಲ್ಲಿ ಎರಡೂವರೆ ಎಚ್‌ಪಿ. ಬೆಂಗಳೂರಿನ ಎತ್ತರಕ್ಕೇ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು) ಇಲ್ಲದ ಎಂಜಿನ್ ಶೇಕಡಾ 10ರಷ್ಟು ಕಳೆದುಕೊಂಡಿರುತ್ತದೆ ಅನ್ನುವುದನ್ನೂ ನೆನಪಿಡಿ. ವ್ಯತ್ಯಾಸ 7, 8 ಬಂದರೆ ಮೊದಲು ಹಳೆ ಫಿಲ್ಟರ್ ಬಿಚ್ಚಿ ನೋಡಿ. ಧೂಳು ಕಟ್ಟಿರುವ ಸಾಧ್ಯತೆಯೇ ಹೆಚ್ಚು, ಹೊಸ ಪೇಪರ್ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. (ಕೆಲವು ಕಾರುಗಳಲ್ಲಿ ಈ ಪ್ರೆಶರ್ ರೀಡಿಂಗ್ ಬರುವುದಿಲ್ಲ, ಅಂಥವುಗಳಿಗೆ ಈ ದಾರಿ ಆಗದು.)

ಅದೇ ಆ್ಯಪ್‌ನಲ್ಲಿ ಇನ್‌ಟೇಕ್ ಏರ್ ಟೆಂಪರೇಚರ್ ಕೂಡ ಇರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಕಂಪನಿಯವರು ಕೊಟ್ಟ ಏರ್ ಬಾಕ್ಸ್ ಸಾಮಾನ್ಯವಾಗಿ ಗ್ರಿಲ್ ಹಿಂದಿನಿಂದಲೋ ಹೆಡ್‌ಲೈಟ್ ಪಕ್ಕದಿಂದಲೋ ತಣ್ಣನೆ ಗಾಳಿ ಎಳೆಯುತ್ತದೆ. ಅದನ್ನು ತೆಗೆದು ಬಾನೆಟ್ ಒಳಗೆ ಬರಿ ಕೋನ್ ಫಿಲ್ಟರ್ ನಿಲ್ಲಿಸಿದರೆ ಎಂಜಿನ್ ತನ್ನದೇ ಬಿಸಿ ಗಾಳಿ ಕುಡಿಯುತ್ತದೆ. 25 ಡಿಗ್ರಿ ಗಾಳಿ 60 ಡಿಗ್ರಿ ಆದರೆ ಅದರಲ್ಲಿನ ಆಮ್ಲಜನಕ ಶೇಕಡಾ 10ರಷ್ಟು ಕಡಿಮೆ. ಮೂರು ಗಳಿಸಲು ಹೋಗಿ ಹತ್ತು ಕಳೆದ ಲೆಕ್ಕ ಆಯಿತು, ಅಲ್ವಾ? ಹಾಕಲೇಬೇಕು ಅಂದರೆ ಹೀಟ್ ಶೀಲ್ಡ್ ಇರುವ, ಹೊರಗಿನ ಗಾಳಿ ಬರುವ ಕಿಟ್ ಹಾಕಿಸಿ. ಆದರೆ ಫಿಲ್ಟರನ್ನು ಬಂಪರ್ ಕೆಳಗೆ ಇಳಿಸುವ ಕಿಟ್ ಮಳೆಗಾಲದಲ್ಲಿ ಅಪಾಯ. ನಿಂತ ನೀರಿಗೆ ಇಳಿದಾಗ ನೀರು ಒಳಗೆ ಹೋದರೆ ಪಿಸ್ಟನ್‌ಗೆ ಅದನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಹಾಕಿದರೆ ಏರ್ ಫ್ಲೋ ಸೆನ್ಸರ್ ಮೇಲೆ ಕೂತು ರೀಡಿಂಗ್ ಕೆಡುತ್ತದೆ.

ಇನ್ನು ಸೈಲೆನ್ಸರ್. 'ಎಂಜಿನ್‌ಗೆ ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ) ಬೇಕು' ಅಂತ ಗ್ಯಾರೇಜ್‌ಗಳಲ್ಲಿ ಹೇಳುವುದುಂಟು. ಆದರೆ ಬೇಕಾಗಿರುವುದು ಒತ್ತಡ ಅಲ್ಲ, ಹೊಗೆಯ ವೇಗ. ಒಂದು ಸಿಲಿಂಡರ್‌ನ ಹೊಗೆ ರಭಸವಾಗಿ ಹೊರಟಾಗ ಅದರ ಹಿಂದೆ ಒತ್ತಡ ಕಡಿಮೆಯಾಗಿ, ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಪೈಪು ಅತಿ ಅಗಲವಾದರೆ ಈ ರಭಸ ಹೋಗುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಾಯುತ್ತದೆ. ಸಣ್ಣ ಎಂಜಿನ್‌ಗೆ ದಪ್ಪ ಪೈಪು ಹಾಕಿಸಿದವರು ಘಾಟಿಯಲ್ಲಿ ಗೇರ್ ಇಳಿಸುತ್ತಲೇ ಇರಬೇಕಾಗುತ್ತದೆ. ಬರಿ ಹಿಂದಿನ ಮಫ್ಲರ್ ಬದಲಿಸಿದರೆ ಸದ್ದು ಬದಲಾಗುತ್ತದೆ, ಶಕ್ತಿ ಹೆಚ್ಚುಕಡಿಮೆ ಅಷ್ಟೇ.

ಟರ್ಬೊ ಗಾಡಿಯ ಕತೆ ಬೇರೆ. ಟರ್ಬೈನ್ (ಹೊಗೆ ತಿರುಗಿಸುವ ಟರ್ಬೊ ಚಕ್ರ) ಆದಮೇಲೆ ಹೊಗೆಗೆ ದಾರಿ ಸಲೀಸಾದಷ್ಟೂ ಟರ್ಬೊ ಬೇಗ ತಿರುಗುತ್ತದೆ, ಅಲ್ಲಿ ನಿಜವಾದ ಲಾಭ ಇದೆ. ಆದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎಷ್ಟಿರಬೇಕು ಅಂತ ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಅದನ್ನು ರೀಮ್ಯಾಪ್ ಮಾಡದೆ (ಅದರ ಸೆಟ್ಟಿಂಗ್ ಬದಲಿಸದೆ) ಪೈಪು ಮಾತ್ರ ಬದಲಿಸಿದರೆ ಆ ಲಾಭದ ಬಹುಪಾಲು ಸುಮ್ನೆ ಕೂತಿರುತ್ತದೆ. ಇನ್ನು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಬೇಡಿ, ಡೀಸೆಲ್ ಆದರೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತೆಗೆಸಬೇಡಿ. ಚೆಕ್ ಎಂಜಿನ್ ಲೈಟ್ ಉರಿಯುತ್ತದೆ ಅನ್ನುವುದು ಸಣ್ಣ ವಿಷಯ. ಹಿಂದೆ ಬರುವ ಸ್ಕೂಟರ್‌ನವರು ನಿಮ್ಮ ಕಾರ್ಬನ್ ಮಾನಾಕ್ಸೈಡ್ ಕುಡಿಯುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ.

ಕೆಲಸ ಮುಗಿದ ಮೇಲೆ ಅದೇ ಆ್ಯಪ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು, ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿ. ಶೇಕಡಾ ಪ್ಲಸ್ 10, ಮೈನಸ್ 10ರ ಒಳಗಿರಬೇಕು. ಪ್ಲಸ್ ಕಡೆ ಜಾಸ್ತಿ ಹೋಗಿದ್ದರೆ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲು, ಎಂಜಿನ್ ಕಡೆ, ಎಕ್ಸಾಸ್ಟ್ (ಹೊಗೆ ಪೈಪಿನ) ಜಾಯಿಂಟ್ ಸೋರುತ್ತಿದೆಯಾ ಅಂತ ಚೆಕ್ ಮಾಡಿಸಿ. ಅಲ್ಲಿ ಹೊರಗಿನ ಗಾಳಿ ಸೇರಿದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅಂತ ಸೆನ್ಸರ್ ತಪ್ಪು ತಿಳಿದು, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಕಾನೂನು ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಸದ್ದು, ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಇದೆ, ಲೈಸೆನ್ಸ್ ಕೂಡ ಅಮಾನತಾಗಬಹುದು. ಏನೇ ಬದಲಿಸಿದರೂ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಬಿಚ್ಚಿದ ಹಳೆ ಏರ್ ಬಾಕ್ಸ್, ಸೈಲೆನ್ಸರ್, ಕ್ಲಾಂಪ್, ಬೋಲ್ಟು ಸಮೇತ ಗ್ಯಾರೇಜ್‌ನಿಂದ ಕೇಳಿ ಮನೆಗೆ ತನ್ನಿ. ವಾರಂಟಿ ಕೆಲಸಕ್ಕೋ ಗಾಡಿ ಮಾರುವಾಗಲೋ ಅವು ಬೇಕೇ ಬೇಕು.