7 ಕೆಜಿ ವೀಣೆ, 57 ಕೆಜಿ ಬಾಡಿಗೆ

ಒಂದು ಸರಸ್ವತಿ ವೀಣೆ ಸುಮಾರು ಏಳೆಂಟು ಕೆಜಿ ತೂಗುತ್ತದೆ. ಅದನ್ನು ಭದ್ರವಾಗಿ ಕೂರಿಸುವ ಪೆಟ್ಟಿಗೆಯ ಅಳತೆ 140 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಕೊರಿಯರ್‌ನವರು ಈ ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬರುವ ಲೆಕ್ಕ 56.7 ಕೆಜಿ. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅಂದರೆ ಪ್ಲೈವುಡ್ಡು, ಫೋಮು ಎಲ್ಲ ಸೇರಿಯೂ ಇದರ ಅರ್ಧ ತೂಗದ ಪೆಟ್ಟಿಗೆಗೆ ನಾನು 57 ಕೆಜಿಯ ಬಾಡಿಗೆ ಕಟ್ಟಬೇಕು. ವಿಮಾನದಲ್ಲಿ, ಲಾರಿಯಲ್ಲಿ ಜಾಗಕ್ಕೂ ಬೆಲೆಯಿದೆ, ಅದನ್ನು ಒಪ್ಪುತ್ತೇನೆ. ನನ್ನ ಸಿಟ್ಟು ಬೇರೆ. ಅಷ್ಟು ಜಾಗದ ದುಡ್ಡು ತೆಗೆದುಕೊಂಡ ಮೇಲೆ ಆ ಜಾಗವನ್ನು ವೀಣೆಗೇ ಬಿಡಬೇಕಲ್ಲ? ಮೇಲೆ ಬೇರೆ ಸಾಮಾನು ಹೇರುವುದು ಯಾವ ನ್ಯಾಯ?

ಮೈಸೂರಿನಲ್ಲಿ ವೀಣೆ, ತಂಬೂರಿ ರಿಪೇರಿ ಮಾಡುವುದು, ಮೇಳ ಕಟ್ಟುವುದು (ತಂತಿ ಒತ್ತಿ ನುಡಿಸುವ ಪಟ್ಟಿಗಳು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಮೇಣದಲ್ಲಿ ಕೂರಿಸುವುದು), ಬೇಕೆಂದವರಿಗೆ ಹೊಸ ವೀಣೆ ಮಾಡಿಸಿ ಕಳಿಸುವುದು ನನ್ನ ಕಸುಬು. ವೀಣೆ ಕಲಿಯುವವರು ಈಗ ಎಲ್ಲೆಲ್ಲೋ ಇದ್ದಾರೆ. ಪಾಠ ಫೋನಿನಲ್ಲೇ ನಡೆಯುತ್ತದೆ, ವಾದ್ಯ ಮಾತ್ರ ರಸ್ತೆ ಮೇಲೆಯೇ ಹೋಗಬೇಕು. ಕೆಲಸ ಕಲಿಸಿದ ಹಿರಿಯರು ವೀಣೆ ಮಾಡುವುದನ್ನು ಹೇಳಿಕೊಟ್ಟರು, ಕಳಿಸುವುದನ್ನು ಹೇಳಿಕೊಡಲಿಲ್ಲ. ಅವರ ಕಾಲದಲ್ಲಿ ಬೇಕಾದವರೇ ಮನೆಗೆ ಬಂದು, ಮಡಿಲಲ್ಲಿಟ್ಟು ನುಡಿಸಿ ನೋಡಿ, ತಾವೇ ತೆಗೆದುಕೊಂಡು ಹೋಗುತ್ತಿದ್ದರು.

ಇಷ್ಟು ವರ್ಷದಲ್ಲಿ ನನಗೆ ಖಚಿತವಾಗಿರುವುದು ಇದು: ವಾದ್ಯ ಒಡೆಯುವುದು ದೂರದಿಂದಲ್ಲ, ಕೈ ಬದಲಾಗುವ ಕಡೆ. ಹುಬ್ಬಳ್ಳಿಗೆ ನೇರ ಹೋಗುವ ಗಾಡಿಯಲ್ಲಿ ಏನೂ ಆಗದ ವೀಣೆ, ಬೆಂಗಳೂರಿಗೆ ಹೋಗುವಾಗ ಒಡೆದಿದೆ. ನಮ್ಮ ಬ್ರಾಂಚಿನಿಂದ ಹಬ್ಬು (ಎಲ್ಲ ಕಡೆಯ ಪಾರ್ಸೆಲ್ಲು ಸೇರುವ ಗೋಡೌನು), ಹಬ್ಬಿನಿಂದ ಲಾರಿ, ಲಾರಿಯಿಂದ ಇನ್ನೊಂದು ಹಬ್ಬು, ಅಲ್ಲಿಂದ ಏರಿಯಾ ಆಫೀಸು, ಕೊನೆಗೆ ಡೆಲಿವರಿ ಹುಡುಗನ ಗಾಡಿ. ಪ್ರತಿ ಕಡೆ ಇಳಿಸುವವನು ಬೇರೆ, ಏರಿಸುವವನು ಬೇರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ರಾತ್ರಿಯೆಲ್ಲ ನಿಂತು ಲಾರಿ ಖಾಲಿ ಮಾಡುವವರಿಗೆ ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ ಇರುತ್ತದೆ. ಬೆಲ್ಟಿನ ಮೇಲೆ ಕೂರದ ಉದ್ದದ ಪೆಟ್ಟಿಗೆ ಅವರ ಕಣ್ಣಿಗೆ ತೊಂದರೆಯಾಗಿಯೇ ಕಾಣುತ್ತದೆ. ಜಾಗ ಉಳಿಯಲಿ ಎಂದು ಅದನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಅದು ಜಾರಿ ಬಿದ್ದರೆ ವೀಣೆಯ ಕತೆ ಮುಗಿಯಿತು. ‘ಫ್ರಜೈಲ್’ ಎಂಬ ಕೆಂಪು ಚೀಟಿಯನ್ನು ಯಾರೂ ಓದುವುದಿಲ್ಲ. ಮಿಕ್ಸಿ ಡಬ್ಬದ ಮೇಲೂ ಅದೇ ಚೀಟಿ ಇರುತ್ತದೆ.

ವೀಣೆ ಎಲ್ಲಿ ಒಡೆಯುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ನಾದ ಹೊಮ್ಮುವ ದುಂಡನೆ ಭಾಗವಾದ ಕೊಡದ ಮೇಲೆ ಪೆಟ್ಟು ಬಿದ್ದರೆ ಕಾಣುತ್ತದೆ, ಕಂಡಿದ್ದನ್ನು ಸರಿಮಾಡಬಹುದು. ಹೆದರಬೇಕಾದ್ದು ಕೊಡಕ್ಕೂ ತಂತಿ ಹಾಯುವ ಉದ್ದನೆ ದಂಡಿಗೂ ಇರುವ ಬೆಸುಗೆಗೆ. ಅಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಹೊರಗಿನಿಂದ ಪಾಲಿಶ್ ನೆಟ್ಟಗಿರುತ್ತದೆ. ತಂತಿ ಬಿಗಿದು ಶ್ರುತಿಗೆ ತಂದಾಗ ದಂಡಿ ಒಂದಿಷ್ಟು ಮೇಲೇಳುತ್ತದೆ, ತಂತಿ ಮೆಟ್ಟಿಲಿನಿಂದ ದೂರವಾಗುತ್ತದೆ, ಮೇಲಿನ ಸ್ಥಾಯಿಯ ಸ್ವರಗಳು ಜಾಗ ಬಿಡುತ್ತವೆ. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಗೆ ಈ ಭಯವಿಲ್ಲ. ಆದರೆ ಅಷ್ಟು ದೊಡ್ಡ ಮರ ಈಗ ಎಲ್ಲಿ ಸಿಗುತ್ತದೆ?

ಎರಡನೆಯದು ಮೇಳ. 24 ಮೆಟ್ಟಿಲುಗಳು ಕೂತಿರುವುದು ಮರದ ಮೇಲಲ್ಲ, ಕಪ್ಪು ಮೇಣದ ಮೇಲೆ. ಜೇನುಮೇಣ ಪೂರ್ತಿ ಕರಗುವುದು 62ರಿಂದ 65 ಡಿಗ್ರಿಗೆ. ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಗೆ ಹೋದ ಒಂದು ವೀಣೆಯ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ. ಪೆಟ್ಟಿಗೆ ಬಿಸಿಲಿನ ಗೋಡೌನಿನಲ್ಲಿ ಒಂದು ಭಾನುವಾರ ಪೂರ್ತಿ ಬಿದ್ದಿತ್ತು. ಪೆಟ್ಟಿಗೆಗೆ ಒಂದು ಗೀರೂ ಇಲ್ಲ, ಮರಕ್ಕೂ ಏನೂ ಆಗಿಲ್ಲ. ತಾರಸ್ಥಾಯಿಯ ಮೆಟ್ಟಿಲುಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿವೆ. ಸ್ವರ ಒಂದು ಕೂದಲು ಆಚೀಚೆಯಾದರೂ ಮೇಳ ಹೋಯಿತು ಎಂದೇ ಲೆಕ್ಕ. ಮೇಣ ಕೆರೆದು, ಹೊಸದು ಕೂರಿಸಿ, ಕಿವಿಯಲ್ಲೇ ಕೇಳಿಕೊಂಡು ಒಂದೊಂದೇ ಮೆಟ್ಟಿಲು ನಿಲ್ಲಿಸಬೇಕು. ಅದನ್ನು ಮಾಡುವ ಕೈಗಳು ಊರೂರಿನಲ್ಲಿ ಇಲ್ಲ.

ಆಮೇಲಿಂದ ನಾನು ಬುಕ್ ಮಾಡುವುದು ಸೋಮವಾರ, ಇಲ್ಲವೇ ಮಂಗಳವಾರ. ವಾರದ ಕೊನೆಗೆ ಎಷ್ಟೇ ಅವಸರ ಮಾಡಿದರೂ ಕಳಿಸುವುದಿಲ್ಲ. ಏಪ್ರಿಲ್, ಮೇನಲ್ಲಿ ಉತ್ತರ ಕರ್ನಾಟಕದ ಕಡೆಗೆ ರಾತ್ರಿ ಹೊರಟು ಬೆಳಿಗ್ಗೆ ತಲುಪುವ ಗಾಡಿ ಸಿಕ್ಕರೆ ಮಾತ್ರ.

ಪ್ಯಾಕಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ನನ್ನನ್ನು ಹೆಚ್ಚು ಜನ ಕೇಳುವುದು ಇದನ್ನೇ. ಮೊದಲು ಕುದುರೆ, ಅಂದರೆ ಕೊಡದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆಯಂಥ ತುಂಡು. ಅದು ನಿಂತಿರುವುದು ತಂತಿಯ ಒತ್ತಡದಿಂದ, ತಂತಿ ಸಡಿಲವಾದರೆ ಜಾರುತ್ತದೆ. ಕುದುರೆಯ ಜಾಗ ತಪ್ಪಿದರೆ ಮೇಳ ಚೆನ್ನಾಗಿದ್ದರೂ ಸ್ವರ ತಪ್ಪುತ್ತದೆ. ಹಾಗಾಗಿ ತಂತಿ ಬಿಚ್ಚುವ ಮುಂಚೆ ಕುದುರೆಯ ಕಾಲಿನ ಸುತ್ತ ಪೇಂಟಿಂಗ್ ಮಾಡುವವರು ಬಳಸುವ ಕಾಗದದ ಟೇಪು ಅಂಟಿಸಿ ಗುರುತು ಮಾಡುತ್ತೇನೆ. ಪಾಲಿಶ್ ಕಿತ್ತುಬರದ ಟೇಪೇ ಆಗಬೇಕು. ಆಮೇಲೆ ಏಳೂ ತಂತಿ ಬಿಚ್ಚಿ, ಕುದುರೆಯನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಡುತ್ತೇನೆ. ತಂತಿ ಬಿಗಿಯುವ ಬಿರಡೆಗಳನ್ನೂ ತೆಗೆದು, ಒಂದೊಂದಕ್ಕೂ ನಂಬರು ಹಾಕಿ ಚೀಲಕ್ಕೆ. ಬಿರಡೆ ಹೊರಗೆ ಚಾಚಿಕೊಂಡಿರುವುದರಿಂದ ಮೊದಲ ಪೆಟ್ಟು ಅದಕ್ಕೇ. ಬಿರಡೆ ಮುರಿದರೆ ಹೊಸದು ಕೆತ್ತಬಹುದು, ಅದು ಕೂತ ತೂತು ಸೀಳಿದರೆ ಕಷ್ಟ. ದಂಡಿಯ ಇನ್ನೊಂದು ತುದಿಯ ಅಡಿಗಿರುವ ಸೋರೆ ಬುರುಡೆಯನ್ನು ತಿರುಪಿ ಬಿಚ್ಚಿ ಬೇರೆ ಡಬ್ಬಕ್ಕೆ ಹಾಕುತ್ತೇನೆ. ಈಗ ಹೆಚ್ಚಾಗಿ ಫೈಬರಿನದೇ ಬರುವುದರಿಂದ ಚಿಂತೆ ಕಡಿಮೆ.

ವೀಣೆಗೆ ಬಬಲ್ ಶೀಟನ್ನು ನೇರವಾಗಿ ಸುತ್ತಬಾರದು. ಬಿಸಿಲಿಗೆ ಆ ಗುಳ್ಳೆಗಳ ಗುರುತು ಪಾಲಿಶ್ ಮೇಲೆ ಒತ್ತಿಕೊಳ್ಳುತ್ತದೆ, ಆಮೇಲೆ ಹೋಗುವುದಿಲ್ಲ. ಮೊದಲು ಹಳೆಯ ಕಾಟನ್ ಸೀರೆ, ಅದರ ಮೇಲೆ ಬೇಕಾದರೆ ಬಬಲ್. ಪೆಟ್ಟಿಗೆಯೊಳಗೆ ಗಟ್ಟಿ ಫೋಮನ್ನು ಕೊಡದ ಆಕಾರಕ್ಕೆ, ದಂಡಿಯ ಅಡಿಯ ಆಕಾರಕ್ಕೆ, ದಂಡಿಯ ತುದಿಯಲ್ಲಿ ಕೆತ್ತಿದ ಸಿಂಹಮುಖದ ಯಾಳಿಯ ಕುತ್ತಿಗೆ ಬಾಗಿದ ಕಡೆಗೆ ಕೊರೆದು ಕೂರಿಸುತ್ತೇನೆ. ವೀಣೆಯ ಭಾರವೆಲ್ಲ ಕೆಳಗಿನಿಂದ ಹೊರಬೇಕು, ಮೇಳದ ಮೇಲೆ ಏನೂ ತಾಗಬಾರದು. ಮುಚ್ಚಳ ಹಾಕಿದ ಮೇಲೆ ಪೆಟ್ಟಿಗೆಯನ್ನು ಎತ್ತಿ ಅಲ್ಲಾಡಿಸಿದರೆ ಒಳಗೆ ಒಂದು ಸದ್ದೂ ಬರಕೂಡದು.

ಪೆಟ್ಟಿಗೆ 6 ಮಿಲಿಮೀಟರ್ ಪ್ಲೈ, ಅಂಚಿಗೆಲ್ಲ ರೀಪರ್ ಎಂಬ ಮರದ ಪಟ್ಟಿ. ಮೊಳೆ ಬೇಡ, ಸ್ಕ್ರೂ ಬೇಕು. ವೀಣೆ ಒಳಗಿಟ್ಟು ಸುತ್ತಿಗೆಯಲ್ಲಿ ಬಡಿಯುವುದೆಂದರೆ ಕೊರಿಯರ್‌ನವರು ಕೊಡುವ ಪೆಟ್ಟನ್ನು ನಾವೇ ಮೊದಲು ಕೊಟ್ಟಂತೆ. ಪೆಟ್ಟಿಗೆಯ ಎರಡು ತುದಿಗೂ, ಮುಚ್ಚಳದ ಮೇಲೂ ತ್ರಿಕೋನದ ಮರದ ತುಂಡು ಕೂರಿಸುತ್ತೇನೆ. ತುದಿ ಚಪ್ಪಟೆಯಾಗಿಲ್ಲದಿದ್ದರೆ ಯಾರೂ ನೆಟ್ಟಗೆ ನಿಲ್ಲಿಸಲು ಆಗುವುದಿಲ್ಲ. ಮೇಲ್ಭಾಗ ಇಳಿಜಾರಾಗಿದ್ದರೆ ಇನ್ನೊಂದು ಡಬ್ಬ ಹೇರಲೂ ಆಗುವುದಿಲ್ಲ. ಎರಡೂ ಬದಿಗೆ ಹಗ್ಗದ ಹಿಡಿ. ಹಿಡಿ ಇರುವ ಪೆಟ್ಟಿಗೆಯನ್ನು ಜನ ಎತ್ತುತ್ತಾರೆ, ಹಿಡಿ ಇಲ್ಲದ್ದನ್ನು ಉರುಳಿಸುತ್ತಾರೆ. ಚೀಟಿ ಅಂಟಿಸಿ ಬೇಡಿಕೊಳ್ಳುವ ಬದಲು ತಪ್ಪಾಗಿ ಇಡಲು ಆಗದಂಥ ಪೆಟ್ಟಿಗೆ ಮಾಡಿದ ಮೇಲೆ ನನ್ನ ಅರ್ಧ ತಲೆನೋವು ಹೋಯಿತು.

ಹೊರಗೊಂದು, ಒಳಗೊಂದು ಶಾಕ್ ಇಂಡಿಕೇಟರ್ ಅಂಟಿಸುತ್ತೇನೆ. ಮಿತಿ ಮೀರಿದ ಪೆಟ್ಟು ಬಿದ್ದರೆ ಅದರ ನಡುವಿನ ಗಾಜಿನ ನಳಿಗೆ ಕೆಂಪಾಗುತ್ತದೆ. ಅದು ಪೆಟ್ಟನ್ನು ತಡೆಯುವುದಿಲ್ಲ, ಸಾಕ್ಷಿ ಹೇಳುತ್ತದೆ.

ಆ ಸಾಕ್ಷಿ ಕೆಲಸಕ್ಕೆ ಬಂದದ್ದು ಶಿವಮೊಗ್ಗದ ಒಬ್ಬ ಮೇಡಂ ವಿಷಯದಲ್ಲಿ. ಅವರು ಮಕ್ಕಳಿಗೆ ಪಾಠ ಹೇಳುವವರು, ಹಲಸಿನ ಮರದ ವೀಣೆ ತರಿಸಿಕೊಂಡಿದ್ದರು. ಬುಕ್ ಮಾಡುವಾಗ ಕೌಂಟರಿನ ಹುಡುಗ, “ಇದಕ್ಕೆ ಇನ್ಶೂರೆನ್ಸ್ ಆಗಲ್ಲ ಸಾರ್, ಓನರ್ಸ್ ರಿಸ್ಕ್ ಅಂತ ಸೈನ್ ಹಾಕಿ,” ಎಂದ. ಒಡೆದರೆ ಹೊಣೆ ನಮ್ಮದೇ ಎಂದರ್ಥ. “ಸೈನ್ ಹಾಕ್ತೀನಪ್ಪ, ಆದ್ರೆ ಬೆಲೆ ಎಷ್ಟು ಅಂತ ರಸೀತಿಯಲ್ಲೇ ಬರಿ,” ಎಂದೆ. ಮ್ಯಾನೇಜರನ್ನು ಕೇಳಿ ಬಂದು ಬರೆದುಕೊಟ್ಟ. ಅಲ್ಲಿಗೆ ತಲುಪಿದ ದಿನ ಮೇಡಂ ವಿಡಿಯೋ ಕಾಲ್ ಮಾಡಿದರು. ಹೊರಗಿನ ನಳಿಗೆ ಕೆಂಪು, ಒಳಗಿನದೂ ಕೆಂಪು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಕೊಡದ ಬುಡದಲ್ಲಿ ದಂಡಿ ಸೇರುವ ಕಡೆ ಒಂದು ತೆಳ್ಳನೆ ಗೆರೆ. “ಇದು ಮರದ ಗೆರೆನೇ ಅಲ್ವಾ?” ಎಂದು ಅವರು ಕೇಳಿದಾಗ ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಮರದ ಗೆರೆ ಉದ್ದಕ್ಕೆ ಓಡುತ್ತದೆ. ಇದು ಅಡ್ಡಕ್ಕಿತ್ತು.

ಕಂಪನಿಯವರಿಂದ ಬಂದ ಮೊದಲ ಉತ್ತರ, ಪ್ಯಾಕಿಂಗ್ ಸರಿಯಿಲ್ಲ ಎಂದು. ಫೋಟೋ ಕಳಿಸಿದೆ. ಆಮೇಲೆ, ತೆಗೆದುಕೊಂಡವರು ಸೈನ್ ಹಾಕಿದ್ದಾರಲ್ಲ ಎಂದರು. ಸೈನ್ ಪಕ್ಕದಲ್ಲೇ ಮೇಡಂ ‘ಪೆಟ್ಟಿಗೆ ಜಖಂ ಆಗಿದೆ’ ಎಂದು ಬರೆದಿದ್ದರು. ಅದಾದ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ದೂರಿಗೊಂದು ನಂಬರು ಕೊಡುತ್ತಾರೆ, ಒಂದು ವಾರಕ್ಕೆ ಅದು ‘ಕ್ಲೋಸ್ಡ್’ ಎಂದು ಮೆಸೇಜು ಬರುತ್ತದೆ, ಮತ್ತೆ ಹೊಸ ನಂಬರು. ವಾದ್ಯ ಮಾಡುವವನ ಎಷ್ಟು ಹೊತ್ತನ್ನು ಇದು ತಿನ್ನುತ್ತದೆ ಎಂದು ಆ ಕಡೆ ಕೂತವರು ಒಮ್ಮೆಯಾದರೂ ಯೋಚಿಸಬೇಕು.

ಇಲ್ಲಿ ಕಾನೂನು ತಿಳಿದಿದ್ದರೆ ಅನುಕೂಲ. ರಸ್ತೆ ಸಾಗಣೆಯ ಬಗ್ಗೆ 2007ರ ಕಾಯ್ದೆಯೊಂದಿದೆ. ಬುಕ್ ಮಾಡುವಾಗ ಹೆಚ್ಚಿನ ಮೌಲ್ಯ ಬರೆಸದಿದ್ದರೆ ಸಾಗಿಸುವವರ ಹೊಣೆಗೆ ಅದು ಮಿತಿ ಹಾಕುತ್ತದೆ. ನಾನು ರಸೀತಿಯಲ್ಲಿ ಬೆಲೆ ಬರೆಸಲು ಹಠ ಹಿಡಿಯುವುದು ಇದಕ್ಕೇ. ಕೇಸು ಹಾಕುವುದಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಫೋನಿನಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಹೆಡ್ಡಾಫೀಸು ಎಲ್ಲಿದ್ದರೂ ಸರಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಬಾಡಿಗೆ ಕೊಟ್ಟವರು ಮೇಡಂ ಆದ್ದರಿಂದ ಅವರ ಹೆಸರಿನಲ್ಲೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಹೋಯಿತು. ಆಗ ಕಂಪನಿಯವರು ಮಾತಿಗೆ ಬಂದು ರಿಪೇರಿ ಖರ್ಚು ಕೊಡಲು ಒಪ್ಪಿದರು. ವೀಣೆ ಈಗ ನುಡಿಯುತ್ತದೆ. ಆದರೆ ಬೆಸುಗೆ ಬಿಟ್ಟ ವೀಣೆಯ ನಾದ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಅದಕ್ಕೆ ಯಾವ ರಸೀತಿಯಲ್ಲೂ ಬೆಲೆ ಬರೆಸಲು ಬರುವುದಿಲ್ಲ.

ರಾಜ್ಯದೊಳಗೆ ಕಳಿಸುವುದಾದರೆ ಈಗ ನನ್ನ ಮೊದಲ ಆಯ್ಕೆ ಬಸ್ಸು. ಕೆಎಸ್ಆರ್‌ಟಿಸಿಯವರು 2021ರಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿದ ಮೇಲೆ ಬುಕಿಂಗ್ ಸುಲಭವಾಗಿದೆ. ಊರಿಗೆ ನೇರ ಹೋಗುವ ಬಸ್ಸನ್ನೇ ಆರಿಸಿ, ಎಲ್ಲ ಲಗೇಜು ತುಂಬಿದ ಮೇಲೆ ಪೆಟ್ಟಿಗೆಯನ್ನು ನನ್ನ ಕೈಯಾರೆ ಇಡುತ್ತೇನೆ. ಆ ಕಡೆ ತೆಗೆದುಕೊಳ್ಳುವವರು ಬಸ್‌ಸ್ಟ್ಯಾಂಡಿಗೆ ಬಂದಿರಬೇಕು. ಮನೆ ಬಾಗಿಲಿಗೇ ಬರಲಿ ಎನ್ನುವವರಿಗೆ ಇದು ಕಿರಿಕಿರಿ, ಒಪ್ಪುತ್ತೇನೆ. ಆದರೆ ಇಲ್ಲಿ ಕೈ ಬದಲಾಗುವುದು ಒಂದೋ ಎರಡೋ ಸಲ. ಧಾರವಾಡ, ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕರು ಮಿರಜ್‌ನಿಂದ ತಂಬೂರಿ ತರುವಾಗ ಇಂದಿಗೂ ತಾವೇ ಹೋಗಿ ರೈಲಿನಲ್ಲಿ ಪಕ್ಕದಲ್ಲಿಟ್ಟುಕೊಂಡು ಬರುವುದನ್ನು ನೋಡಿದ್ದೇನೆ. ಆ ತಂಬೂರಿಯ ಕೆಳಭಾಗ ನಿಜವಾದ ಸೋರೆ ಬುರುಡೆ. ಬೆರಳಲ್ಲಿ ಜೋರಾಗಿ ಒತ್ತಿದರೂ ಬಿರುಕು ಬಿಡಬಹುದು. ಅದನ್ನು ಕೊರಿಯರ್‌ಗೆ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹೊರದೇಶಕ್ಕೆ ಕಳಿಸುವವರು ಪೆಟ್ಟಿಗೆಗಿಂತ ಮೊದಲು ಮರ ನೋಡಬೇಕು. ಬೀಟೆ ಮರದ ಗುಂಪಿನ ಬಹುತೇಕ ಎಲ್ಲ ಜಾತಿಗಳೂ 2017ರ ಜನವರಿಯಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದವು. 2019ರ ನವೆಂಬರ್‌ನಿಂದ ಪೂರ್ತಿ ತಯಾರಾದ ಸಂಗೀತ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದೆ. ಆದರೂ ಪ್ರಶ್ನೆ ಕೇಳುತ್ತಾರೆ, ಮರದ ಹೆಸರು ಬರೆದ ಬಿಲ್ಲು ಜೊತೆಗಿರಲಿ. ಅಜ್ಜಿಯ ಕಾಲದ ಮೈಸೂರು ವೀಣೆ ಕಳಿಸಿಕೊಡಿ ಎಂದು ಅಮೆರಿಕದಿಂದ ಕೇಳುವವರು ಇದ್ದಾರೆ. ಅದರಲ್ಲಿ ಆನೆದಂತದ ಕುಸುರಿಯೋ ಜಿಂಕೆ ಕೊಂಬಿನ ಪಟ್ಟಿಯೋ ಇದ್ದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ, ನಾನು ಕೈ ಹಾಕುವುದಿಲ್ಲ. ವಿಮಾನದಲ್ಲಿ ಜೊತೆಗೇ ಒಯ್ಯುವುದಾದರೆ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂಟಿಮೀಟರ್ ದಾಟಬಾರದೆಂಬುದು ಬಹಳಷ್ಟು ಏರ್‌ಲೈನ್‌ಗಳ ನಿಯಮ. ನಮ್ಮ ಪೆಟ್ಟಿಗೆ 230 ಬರುತ್ತದೆ. ಟಿಕೆಟ್ ಮಾಡಿಸುವ ಮುಂಚೆಯೇ ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕೌಂಟರಿನಲ್ಲಿ ನಿಂತು ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ವೀಣೆ ತಲುಪಿದ ಮೇಲೆ ಅವಸರ ಬೇಡ. ಚಳಿ ದೇಶವಾದರೆ ಪೆಟ್ಟಿಗೆ ಒಂದು ಇಡೀ ದಿನ ಮುಚ್ಚಿದಂತೆಯೇ ಮನೆಯೊಳಗಿರಲಿ, ಮರ ಅಲ್ಲಿನ ಗಾಳಿಗೆ ಹೊಂದಿಕೊಳ್ಳಬೇಕು. ಹೀಟರಿನ ಹತ್ತಿರ ಇಡಲೇಬಾರದು. ತೆರೆಯುವಾಗ ಮೊದಲ ಸ್ಕ್ರೂ ಬಿಚ್ಚುವಲ್ಲಿಂದಲೇ ವಿಡಿಯೋ ಮಾಡಿ. ಕುದುರೆಯನ್ನು ಟೇಪಿನ ಗುರುತಿಗೆ ಸರಿಯಾಗಿ ನಿಲ್ಲಿಸಿ, ತಂತಿಯನ್ನು ಮೊದಲ ದಿನ ಅರ್ಧಕ್ಕೆ ಮಾತ್ರ ಬಿಗಿದು ಬಿಡಿ. ಮರುದಿನ ಶ್ರುತಿಗೆ ತಂದು ನನಗೆ ಫೋನ್ ಮಾಡಿ, ಮೊದಲ ತಂತಿಯಾದ ಸಾರಣೆಯಲ್ಲಿ ಒಂದೊಂದೇ ಮೆಟ್ಟಿಲು ಮೀಟಿ ಕೇಳಿಸಿ. ಪೆಟ್ಟಿಗೆಯನ್ನು ಮಾತ್ರ ಗುಜರಿಗೆ ಹಾಕಬೇಡಿ. ಮೇಳ ಕಟ್ಟಿಸಲು ವೀಣೆ ವಾಪಸ್ ಬರುವಾಗ ಅದೇ ಬೇಕು.