ಮೊಬೈಲಿನಲ್ಲಿ ಕನ್ನಡ ಓದಿಸಿ, ದಾರಿ ಕೇಳಿ: ಕಣ್ಣು ಕಾಣದವರಿಗೆ ಫೋನ್ ಅಣಿಗೊಳಿಸುವ ಬಗೆ

ಅಪ್ಪನ ಕಣ್ಣು ಮಂಜಾಯಿತೆಂದು ಮಗ ಹೊಸ ಫೋನ್ ತರುತ್ತಾನೆ. ಒಂದೇ ಸಂಜೆ ಎಂಟು ಆ್ಯಪ್ ತುಂಬಿಸಿ, ಪ್ರತಿಯೊಂದನ್ನೂ ಐದೈದು ನಿಮಿಷ ತೋರಿಸಿ ಊರಿಗೆ ಹೊರಡುತ್ತಾನೆ. ವಾರದೊಳಗೆ ಫೋನ್ ಕಪಾಟು ಸೇರುತ್ತದೆ. ‘ಕನ್ನಡಕ್ಕೆ ಇವೆಲ್ಲ ಆಗಿಬರುವುದಿಲ್ಲ’ ಎಂಬ ಮಾತು ಹುಟ್ಟುವುದು ಹೀಗೆ. ಕನ್ನಡಕ್ಕೆ ಆಗಿಬರುತ್ತದೆ. ಹೆಚ್ಚಿನ ಸಲ ಕೆಡುವುದು ಆ್ಯಪಿನಿಂದಲ್ಲ, ಧ್ವನಿಯನ್ನು ಸರಿಯಾಗಿ ಹೊಂದಿಸದೆ ಇರುವುದರಿಂದ ಮತ್ತು ಕಾಗದದ ಮೇಲೆ ಕ್ಯಾಮೆರಾ ಹಿಡಿಯುವ ರೀತಿಯಿಂದ.

ಇಲ್ಲಿ ಹೇಳಿರುವುದು ಆಂಡ್ರಾಯ್ಡ್ ಫೋನಿನ ಬಗ್ಗೆ.

ಹಂತ 1: ಫೋನ್

ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, 6 ಇದ್ದರೆ ಒಳ್ಳೆಯದು. ಬೆರಳಚ್ಚು ಗುರುತಿಸುವ ಜಾಗ ಪಕ್ಕದ ಪವರ್ ಬಟನ್ನಿನಲ್ಲೇ ಇರಲಿ. ತೆರೆಯ ಒಳಗಿರುವ ಬೆರಳಚ್ಚಿನ ಜಾಗವನ್ನು ತಡವಿ ಹುಡುಕಲು ಬರುವುದಿಲ್ಲ. ಇಯರ್‌ಫೋನ್ ಸಿಕ್ಕಿಸುವ ತೂತು ಇದ್ದರೆ ಇನ್ನೂ ಅನುಕೂಲ.

ಹಂತ 2: ಮೊದಲು ಧ್ವನಿ, ಆಮೇಲೆ ಟಾಕ್‌ಬ್ಯಾಕ್

ಟಾಕ್‌ಬ್ಯಾಕ್ ಎಂದರೆ ತೆರೆಯ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ. ಈ ಕ್ರಮ ತಪ್ಪಬಾರದು. ಸೆಟ್ಟಿಂಗ್ಸ್‌ನಲ್ಲಿ ‘ಟೆಕ್ಸ್ಟ್ ಟು ಸ್ಪೀಚ್’ (ಬರಹವನ್ನು ಮಾತಾಗಿಸುವುದು) ಎಂದು ಹುಡುಕಿ, ಅದನ್ನು ಮಾಡುವ ಎಂಜಿನ್ ಆಗಿ ಗೂಗಲ್‌ನದನ್ನು ಆರಿಸಿ. ಸ್ಯಾಮ್‌ಸಂಗ್ ಫೋನುಗಳಲ್ಲಿ ಆ ಕಂಪನಿಯದೇ ಎಂಜಿನ್ ಮೊದಲಿಂದ ಕೂತಿರುತ್ತದೆ, ಬದಲಿಸಿಕೊಳ್ಳಬೇಕು. ಬಳಿಕ ಭಾಷೆಯಲ್ಲಿ ಕನ್ನಡ ಆರಿಸಿ, ಧ್ವನಿಯ ಕಡತವನ್ನು ವೈಫೈ ಇರುವಾಗಲೇ ಪೂರ್ತಿ ಇಳಿಸಿಕೊಳ್ಳಿ. ಇಳಿಸದೆ ಬಿಟ್ಟರೆ ನೆಟ್‌ವರ್ಕ್ ಕೈಕೊಟ್ಟ ಜಾಗದಲ್ಲಿ ಧ್ವನಿಯೂ ಕೈಕೊಡುತ್ತದೆ.

ಧ್ವನಿ ಇಂಗ್ಲಿಷಿಗೆ ಮಾತ್ರ ಹೊಂದಿಸಿದ್ದರೆ, ಕನ್ನಡದ ಸಾಲು ಬಂದಾಗ ಫೋನ್ ಹಲವು ಸಲ ಸುಮ್ಮನಾಗಿಬಿಡುತ್ತದೆ. ಬಳಸುವವರಿಗೆ ಅಲ್ಲಿ ಬರಹ ಇದ್ದದ್ದೇ ತಿಳಿಯುವುದಿಲ್ಲ. ಕನ್ನಡ ಧ್ವನಿಯಾದರೆ ಇಂಗ್ಲಿಷ್ ಪದಗಳನ್ನೂ ಹೇಗೋ ಉಚ್ಚರಿಸಿ ದಾಟುತ್ತದೆ. ಆದ್ದರಿಂದ ಮನೆಮಂದಿಗೆ ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬರಲಿ, ಧ್ವನಿ ಕನ್ನಡದ್ದೇ ಇರಲಿ.

ಇ-ಸ್ಪೀಕ್ ಎಂಬ ಉಚಿತ ಎಂಜಿನ್ನಿನಲ್ಲೂ ಕನ್ನಡವಿದೆ. ಯಂತ್ರದ ದನಿ, ಮೊದಲು ಕೇಳಿದವರಿಗೆ ಒರಟೆನಿಸುತ್ತದೆ. ಆದರೆ ಹಗುರ, ಬೆರಳಿಟ್ಟ ಕೂಡಲೇ ಮಾತಾಡುತ್ತದೆ, ವೇಗ ಏರಿಸಿದರೂ ಅಕ್ಷರ ನುಂಗುವುದಿಲ್ಲ. ಹಳೆಯ ಫೋನ್ ಇದ್ದವರು ಇದನ್ನೇ ಹಾಕಿಕೊಳ್ಳಿ. ಯಾವ ಧ್ವನಿಯಾದರೂ ಮೊದಲ ತಿಂಗಳು ವೇಗವನ್ನು ಮುಟ್ಟಬೇಡಿ.

ಈಗ ಆ್ಯಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಅಲ್ಲೇ ಶಾರ್ಟ್‌ಕಟ್ ಅನ್ನೂ ಹೊಂದಿಸಿ: ವಾಲ್ಯೂಮಿನ ಎರಡೂ ಬಟನ್‌ಗಳನ್ನು 3 ಸೆಕೆಂಡು ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆರುತ್ತದೆ, ಮತ್ತೆ ಹಿಡಿದರೆ ಹೊತ್ತುತ್ತದೆ. ಇದು ಮನೆಯವರಿಗೂ ಬೇಕು. ಅವರು ಫೋನ್ ಮುಟ್ಟುವುದಾದರೆ ಹೀಗೆ ಆರಿಸಿ, ಕೆಲಸ ಮುಗಿದ ಮೇಲೆ ಹೊತ್ತಿಸಿಯೇ ಕೊಡಬೇಕು.

ಹಂತ 3: ಬೆರಳಿನ ಅಭ್ಯಾಸ

ತೆರೆಯ ಮೇಲೆ ಒಂದು ಬೆರಳು ಓಡಾಡಿಸಿದರೆ ಕೆಳಗಿರುವುದನ್ನು ಹೇಳುತ್ತದೆ. ಬಲಕ್ಕೆ ಜಾರಿಸಿದರೆ ಮುಂದಿನದು, ಎಡಕ್ಕೆ ಹಿಂದಿನದು. ಬೇಕಾದುದು ಕೇಳಿಸಿದಾಗ ತೆರೆಯ ಮೇಲೆ ಎಲ್ಲಾದರೂ ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಹೇಳಿದ ಜಾಗದಲ್ಲೇ ತಟ್ಟಬೇಕೆಂದು ತಿಳಿದವರು ಗುರಿ ತಪ್ಪಿ ಒದ್ದಾಡುತ್ತಾರೆ. ಎರಡು ತಟ್ಟುಗಳ ನಡುವೆ ಅಂತರ ಹೆಚ್ಚಾದರೂ ಫೋನಿಗೆ ತಿಳಿಯುವುದಿಲ್ಲ, ಬಾಗಿಲು ತಟ್ಟುವ ವೇಗ ಸಾಕು. ಪುಟ ಸರಿಸಲು ಎರಡು ಬೆರಳು ಬೇಕು. ಕರೆ ಬಂದಾಗ ಎತ್ತಲು, ಮಾತು ಮುಗಿದ ಮೇಲೆ ಇಡಲು ಎರಡು ಬೆರಳಿನಿಂದ ಎರಡು ಸಲ ತಟ್ಟಬೇಕು. ಮಾತು ನಿಲ್ಲಿಸಲು ಎರಡು ಬೆರಳಿನ ಒಂದೇ ತಟ್ಟು. ಮೂರು ಬೆರಳಿನಿಂದ ತಟ್ಟಿದರೆ ಟಾಕ್‌ಬ್ಯಾಕಿನ ಮೆನು ಬರುತ್ತದೆ. ಆಂಡ್ರಾಯ್ಡ್ 11ಕ್ಕಿಂತ ಹಳೆಯ ಫೋನುಗಳಲ್ಲಿ ಈ ಸನ್ನೆ ಬೇರೆ.

ಟಾಕ್‌ಬ್ಯಾಕಿನ ಸೆಟ್ಟಿಂಗ್ಸ್‌ನಲ್ಲೇ ಅಭ್ಯಾಸದ ಪಾಠವಿದೆ. ದಿನಕ್ಕೆ 20 ನಿಮಿಷದಂತೆ ಒಂದು ವಾರ ಅದೊಂದನ್ನೇ ಮಾಡಿಸಿ, ಕರೆ ಮಾಡುವುದು, ಎತ್ತುವುದು ಕಲಿಸಿ. ಈ ವಾರ ಬೇರೆ ಯಾವ ಆ್ಯಪೂ ಬೇಡ. ತಡವಾಯಿತೆಂದು ಕೈಯಿಂದ ಫೋನ್ ಕಿತ್ತುಕೊಂಡು ನೀವೇ ಒತ್ತಿ ಕೊಟ್ಟರೆ ಆ ದಿನದ ಕಲಿಕೆ ಅಲ್ಲಿಗೇ ನಿಂತಿತು.

ಹಂತ 4: ಕಾಗದ ಓದಿಸುವುದು

ಎಲ್ಲರೂ ಎಡವುವುದು ಇಲ್ಲಿ. ಫೋನ್ ಮೊದಲು ಕಾಗದದ ಫೋಟೊ ತೆಗೆದು, ಅದರಲ್ಲಿರುವ ಅಕ್ಷರಗಳನ್ನು ಗುರುತಿಸಿ, ಆಮೇಲೆ ಓದುತ್ತದೆ. ಗುರುತಿಸುವ ಈ ಕೆಲಸಕ್ಕೆ ಒಸಿಆರ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಫೋಟೊ ಕೊಂಚ ಮಸುಕಾದರೂ ನಡೆದೀತು. ಕನ್ನಡದಲ್ಲಿ ಅರ್ಥವೆಲ್ಲ ಸಾಲಿನ ಕೆಳಗೆ ತೂಗುವ ಒತ್ತಕ್ಷರದಲ್ಲಿ, ತಲೆಯ ಮೇಲಿನ ಸಣ್ಣ ಸುರುಳಿಯಲ್ಲಿ ಅಡಗಿರುತ್ತದೆ. ಫೋಟೊ ಸ್ವಲ್ಪ ಅಲುಗಿದರೂ ಮೊದಲು ಮಾಯವಾಗುವುದು ಅವೇ. ‘ಪ’ ಹೋಗಿ ‘ಷ’, ‘ಮ’ ಹೋಗಿ ‘ವ’, ‘ಥ’ ಹೋಗಿ ‘ಧ’ ಆಗುತ್ತದೆ. ಅಂಕಿಯ ಸೊನ್ನೆಗೂ ಅನುಸ್ವಾರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಅದರ ಕೆಳಗಿನ ಅಂಚು ಮೇಜಿನ ಅಂಚಿಗೆ ಸರಿಯಾಗಿ ಕೂರಲಿ. ಮಡಿಕೆಗಳನ್ನು ಅಂಗೈಯಿಂದ ತೀಡಿ. ಮೇಜು ಬಿಳಿಯಾಗಿದ್ದರೆ ಕಪ್ಪು ಬಟ್ಟೆ ಹಾಸಿಕೊಳ್ಳಿ, ಕಾಗದದ ಅಂಚು ಫೋನಿಗೆ ಸ್ಪಷ್ಟವಾಗುತ್ತದೆ. ತೆಳು ಕಾಗದದಲ್ಲಿ ಹಿಂಬದಿಯ ಅಚ್ಚು ಮುಂದಕ್ಕೆ ಇಣುಕಿ ಒಸಿಆರ್ ಗಲಿಬಿಲಿಯಾಗುತ್ತದೆ. ದಿನಪತ್ರಿಕೆ ಓದಿಸುವಾಗ ಕೆಳಗೊಂದು ಕಪ್ಪು ಹಾಳೆ ಇಟ್ಟರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ಪತ್ರಿಕೆಯ ಪುಟವನ್ನು ಪೂರ್ತಿ ಹರಡಲೂಬೇಡಿ. ಒಂದು ಕಾಲಮ್ ಮಾತ್ರ ಮೇಲೆ ಕಾಣುವಂತೆ ಮಡಿಸಿ. ಇಲ್ಲದಿದ್ದರೆ ಪಕ್ಕಪಕ್ಕದ ಎರಡು ಸುದ್ದಿಗಳ ಸಾಲುಗಳನ್ನು ಹೆಣೆದು ಒಂದಾಗಿ ಓದುತ್ತದೆ.

ಬೆಳಕು ಪಕ್ಕದ ಕಿಟಕಿಯಿಂದ ಬರಲಿ. ದೀಪ ನಡುನೆತ್ತಿಯ ಮೇಲಿದ್ದರೆ ಫೋನಿನ ನೆರಳು ಪುಟದ ಮಧ್ಯಕ್ಕೇ ಬೀಳುತ್ತದೆ. ಫ್ಲ್ಯಾಶ್ ಆಫ್ ಮಾಡಿಡಿ, ನುಣುಪು ಕಾಗದದಲ್ಲಿ ಅದು ಬಿಳಿ ಕಲೆಯಾಗಿ ಕೂತು ಅಕ್ಷರ ನುಂಗುತ್ತದೆ. ಏನೂ ಕಾಣದವರಿಗೆ ಕೋಣೆಯ ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯದು. ಸಂಜೆ ಓದುವವರು ಸ್ವಿಚ್ ಮುಟ್ಟಿ ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಲಿ.

ಇನ್ನು ಫೋನ್ ಹಿಡಿಯುವ ಬಗೆ. ಫೋನನ್ನು ಉದ್ದುದ್ದ, ಕಾಗದದ ಮೇಲೆ ಮಲಗಿಸಿ. ಪುಟದ ನಡುವಿಗೆ ಬರಬೇಕಾದುದು ಲೆನ್ಸು, ಫೋನಿನ ನಡುಭಾಗವಲ್ಲ. ಲೆನ್ಸಿನ ಉಬ್ಬು ಬೆರಳಿಗೆ ಸಿಗುತ್ತದೆ. ಮೊಣಕೈಗಳನ್ನು ಕಾಗದದ ಎರಡೂ ಬದಿಗೆ ಮೇಜಿನ ಮೇಲೆ ಊರಿ, ಎರಡು ಕೈಯಿಂದ ಫೋನಿನ ಅಂಚು ಹಿಡಿದು, ಮುಂಗೈ ನೆಟ್ಟಗೆ ನಿಲ್ಲುವವರೆಗೆ ಲಿಫ್ಟಿನಂತೆ ನೇರ ಮೇಲಕ್ಕೆತ್ತಿ. ಎ4 ಹಾಳೆಗೆ ಒಂದೂವರೆ ಗೇಣು, ಅಂದರೆ 30ರಿಂದ 35 ಸೆಂ.ಮೀ. ಎತ್ತರ ಬೇಕು. ಅಂಗಡಿಯ ಸಣ್ಣ ಚೀಟಿಗೆ ಒಂದು ಗೇಣಿಗಿಂತ ಕೊಂಚ ಕಡಿಮೆ ಸಾಕು. ಎತ್ತುವಾಗ ಫೋನ್ ನಿಮ್ಮ ಮುಖದ ಕಡೆ ವಾಲುತ್ತದೆ, ಎಲ್ಲರಿಗೂ ಹೀಗೇ ಆಗುತ್ತದೆ. ವಾಲಿದರೆ ಪುಟದ ಒಂದು ತುದಿ ಚಿಕ್ಕದಾಗಿ, ಆ ಕಡೆಯ ಸಾಲುಗಳು ಕಲಸಿಹೋಗುತ್ತವೆ. ಮೊಣಕೈ ಊರಿಸುವುದು ಇದಕ್ಕಾಗಿಯೇ.

ತೆರೆಯ ಮೇಲೆ ಎರಡು ಸಲ ತಟ್ಟಿ ಫೋಟೊ ತೆಗೆದರೆ ಆ ತಟ್ಟಿಗೇ ಕೈ ಅಲುಗುತ್ತದೆ. ವಾಲ್ಯೂಮ್ ಬಟನ್ನಿನಿಂದ ತೆಗೆಯಿರಿ, ಇಲ್ಲವೇ 3 ಅಥವಾ 5 ಸೆಕೆಂಡಿನ ಟೈಮರ್ ಇಟ್ಟುಕೊಳ್ಳಿ. ಕ್ಯಾಮೆರಾ 1 ಎಕ್ಸ್‌ನಲ್ಲಿರಲಿ, ವೈಡ್ ಬೇಡ.

ಕೈ ನಡುಗುವವರಿಗೆ ಮುನ್ನೂರು, ನಾನೂರು ರೂಪಾಯಿಯ ಬಾಗುವ ಕತ್ತಿನ ಸ್ಟ್ಯಾಂಡ್ ಕೊಡಿಸಬೇಡಿ, ಫೋನಿನ ಭಾರಕ್ಕೆ ತಲೆ ತಗ್ಗಿಸುತ್ತದೆ. ದಿನಸಿ ಅಂಗಡಿಯಿಂದ 35 ಸೆಂ.ಮೀ. ಎತ್ತರದ, ಒಳಗೆ ಎ4 ಹಾಳೆ ಸಲೀಸಾಗಿ ಮಲಗುವಂಥ ರಟ್ಟಿನ ಪೆಟ್ಟಿಗೆ ತನ್ನಿ. ಕಿಟಕಿಯ ಕಡೆಗಿರುವ ಒಂದು ಬದಿಯನ್ನು ಪೂರ್ತಿ ಕತ್ತರಿಸಿ, ಮೇಲ್ಭಾಗದ ನಡುವೆ ಲೆನ್ಸಿನಷ್ಟು ತೂತು ಕೊರೆಯಿರಿ. ತೂತಿನ ಮೇಲೆ ಲೆನ್ಸ್ ಬರುವಂತೆ ಫೋನ್ ಕೂರುವ ಜಾಗಕ್ಕೆ ರಟ್ಟಿನ ಪಟ್ಟಿ ಅಂಟಿಸಿ, ತಳದಲ್ಲಿ ಕಾಗದದ ಮೂಲೆ ತಾಗುವಲ್ಲೂ ಒಂದು ಪಟ್ಟಿ ಅಂಟಿಸಿ. ಪ್ರತಿ ಸಲವೂ ಅದೇ ಎತ್ತರ, ಅದೇ ನೇರ.

ಫೋಟೊ ಬಂದ ಮೇಲೆ ಗೂಗಲ್ ಫೋಟೋಸ್‌ನಲ್ಲಿ ತೆರೆದು, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ‘ಗೂಗಲ್ ಲೆನ್ಸ್’ ಬಟನ್ ಒತ್ತಿ, ಅಕ್ಷರಗಳನ್ನೆಲ್ಲ ಆಯ್ದು ನಕಲಿಸಿ, ಕೀಪ್‌ನಂಥ ಟಿಪ್ಪಣಿ ಆ್ಯಪಿನಲ್ಲಿ ಅಂಟಿಸಿ. ಅಲ್ಲೇ ಓದಿಸಬಹುದಾದರೂ ಟಿಪ್ಪಣಿಗೆ ತಂದು ಓದುವುದೇ ಸರಿ. ಮೂರು ಬೆರಳನ್ನು ಮೇಲೆ ಕೆಳಗೆ ಜಾರಿಸಿ ‘ಸಾಲು’, ‘ಪದ’, ‘ಅಕ್ಷರ’ ಎಂದು ಬದಲಿಸಿಕೊಂಡು, ಸಂಶಯ ಬಂದ ಪದವನ್ನು ಒಂದೊಂದೇ ಅಕ್ಷರವಾಗಿ ಕೇಳಬಹುದು. ಕರೆಂಟ್ ಬಿಲ್ಲಿನ ಮೊತ್ತ, ಖಾತೆ ಸಂಖ್ಯೆಗಳನ್ನು ಹೀಗೆಯೇ ಕೇಳಬೇಕು.

ಲುಕ್‌ಔಟ್, ಸೀಯಿಂಗ್ ಎಐ, ಎನ್‌ವಿಷನ್ ಆ್ಯಪ್‌ಗಳು ಇಂಗ್ಲಿಷ್ ಮುದ್ರಣಕ್ಕೆ ಬಹಳ ಚೆನ್ನ. ಕನ್ನಡಕ್ಕೆ ಬಳಸುವ ಮುನ್ನ ಮನೆಯಲ್ಲಿರುವ ಒಂದು ಪುಟ ಓದಿಸಿ ಪರೀಕ್ಷಿಸಿಕೊಳ್ಳಿ. ಹತ್ತಾರು ಸಾವಿರ ರೂಪಾಯಿಯ ‘ಓದುವ ಕನ್ನಡಕ’ ಮಾರಲು ಬಂದವರಿಗೂ ಇದೇ ಪರೀಕ್ಷೆ. ಅವರು ತಂದ ಇಂಗ್ಲಿಷ್ ಕರಪತ್ರವನ್ನಲ್ಲ, ನೀವು ಕೊಟ್ಟ ಕನ್ನಡ ಹಾಳೆಯನ್ನು ನಿಮ್ಮೆದುರು ಓದಿ ತೋರಿಸಲಿ.

ಕೆಂಪು ಕಾಗದದ ಮೇಲೆ ಚಿನ್ನದ ಅಕ್ಷರದ ಲಗ್ನಪತ್ರಿಕೆಯನ್ನು, ಕೈಬರಹವನ್ನು ನಂಬಿ ಓದಿಸಲಾಗದು. ಪಹಣಿಯಂಥ ಕೋಷ್ಟಕದಲ್ಲಿ ಯಾವ ಅಂಕಿ ಯಾವ ಮನೆಯದೆಂಬುದು ಕಲಸಿಹೋಗುತ್ತದೆ, ಅದನ್ನು ಕಣ್ಣಿರುವವರಿಂದಲೇ ಓದಿಸಿ. ಹೊಳೆಯುವ ಮಾತ್ರೆಯ ಪಟ್ಟಿಯನ್ನು ಫೋನ್ ಒಮ್ಮೊಮ್ಮೆ ಸರಿಯಾಗಿ ಓದುತ್ತದೆ, ಒಮ್ಮೊಮ್ಮೆ ತಪ್ಪು. ಔಷಧಿಯ ವಿಷಯದಲ್ಲಿ ಆ ‘ಒಮ್ಮೊಮ್ಮೆ’ ಸಾಲದು. ಬೆಳಗಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು ಹಾಕಿಡಿ.

ವಾಟ್ಸ್‌ಆ್ಯಪಿನಲ್ಲಿ ಬರುವ ಪಿಡಿಎಫ್‌ನದು ಬೇರೆಯೇ ಕಥೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳು ಯುನಿಕೋಡ್ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಕಣ್ಣಿಗೆ ಚೆಂದದ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಹಿಂಡು. ಟಾಕ್‌ಬ್ಯಾಕ್ ಅದನ್ನೇ ಓದುತ್ತದೆ. ಕೇಳಿದವರು ಫೋನ್ ಕೆಟ್ಟಿತೆಂದು ಅಂಗಡಿಗೆ ಒಯ್ಯುತ್ತಾರೆ. ಅಂಥ ಕಡತದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಕೊಡಿ. ಪುಟ ಹೆಚ್ಚಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳಾಗಿ ಬರುತ್ತದೆ. ಕಚೇರಿ, ಸಂಘಗಳಲ್ಲಿ ಸುತ್ತೋಲೆ ಸಿದ್ಧಪಡಿಸುವವರು ಯುನಿಕೋಡಿನಲ್ಲಿ ಟೈಪಿಸಿದರೆ ಇಷ್ಟೆಲ್ಲ ಪಾಡು ಯಾರಿಗೂ ಇಲ್ಲ. ದಯವಿಟ್ಟು ಟೈಪಿಸಿ.

ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ ಇದೆ. 2020ರ ಜನವರಿ 1ರಂದು ಬಂತು, ನೆಟ್ ಬೇಡ, ಈಗ ಕನ್ನಡದಲ್ಲೂ ಹೇಳುತ್ತದೆ. ನೋಟು ಎಷ್ಟರದೆಂದು ಹೇಳುತ್ತದೆ, ಅಸಲಿಯೋ ನಕಲಿಯೋ ಎಂಬುದನ್ನು ಹೇಳುವುದಿಲ್ಲ. ಪುಸ್ತಕಗಳಿಗೆ 2016ರಲ್ಲಿ ಆರಂಭವಾದ, ಮುದ್ರಣ ಓದಲಾಗದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯ ‘ಸುಗಮ್ಯ ಪುಸ್ತಕಾಲಯ’ದಲ್ಲಿ ಸದಸ್ಯರಾಗಿ.

ಹಂತ 5: ದಾರಿ

ಬಿಳಿ ಕೋಲಿಲ್ಲದೆ ಮ್ಯಾಪ್ ಹಿಡಿದು ಹೊರಡಬಾರದು. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಫ್ಲೈಓವರ್ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಐದು ಮೀಟರ್ ಎಂದರೆ ಫುಟ್‌ಪಾತಿನಿಂದ ರಸ್ತೆಯ ನಡುವಿನವರೆಗೆ. ಎಲ್ಲಿ ತಿರುಗಬೇಕೆಂದು ಮ್ಯಾಪ್ ಹೇಳಬಲ್ಲದು. ಮುಂದೆ ಚರಂಡಿಯ ಕಲ್ಲು ಕಿತ್ತಿದೆಯೆಂದು ಹೇಳುವುದು ಕೋಲಿನ ತುದಿ ಮಾತ್ರ. ಕೋಲು ನೆಲದಿಂದ ಎದೆಮೂಳೆಯವರೆಗೆ ಬರುವಷ್ಟು ಉದ್ದವಿರಲಿ, ಬಳಸುವುದನ್ನು ಬಲ್ಲವರಿಂದ ಕಲಿಯಿರಿ.

ಗೂಗಲ್ ಮ್ಯಾಪ್ಸ್‌ನ ಧ್ವನಿಯನ್ನು ಕನ್ನಡಕ್ಕೆ ಹೊಂದಿಸಿ, ‘ನಡಿಗೆ’ ಆರಿಸಿ. ಹೊರಡುವ ಮುನ್ನ ಬಯಲಿನಲ್ಲಿ ಒಂದು ನಿಮಿಷ ನಿಂತು, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ 8ರಂತೆ ಆಡಿಸಿ. ‘ಉತ್ತರಕ್ಕೆ ಸಾಗಿ’ ಎಂಬ ಮೊದಲ ಸೂಚನೆ ನಿಂತವರಿಗೆ ಉಪಯೋಗಕ್ಕಿಲ್ಲ. ಹತ್ತು ಹದಿನೈದು ಹೆಜ್ಜೆ ನಡೆಯಿರಿ, ಫೋನಿಗೆ ನಿಮ್ಮ ದಿಕ್ಕು ತಿಳಿದ ಮೇಲೆ ಬರುವ ಸೂಚನೆಯನ್ನು ನಂಬಿ. ಮನೆ, ಬಸ್ ನಿಲ್ದಾಣ, ಔಷಧಿ ಅಂಗಡಿಗಳ ಬಾಗಿಲಲ್ಲೇ ನಿಂತು ಒಬ್ಬರ ನೆರವಿನಿಂದ ಆ ಜಾಗಗಳನ್ನು ಉಳಿಸಿಕೊಳ್ಳಿ. ವಿಳಾಸ ಟೈಪಿಸಿದರೆ ಮ್ಯಾಪ್ ಎಷ್ಟೋ ಸಲ ಹಿಂದಿನ ಬೀದಿಗೆ ಒಯ್ಯುತ್ತದೆ.

ಒಂದು ಕೈಯಲ್ಲಿ ಕೋಲು ಇರುವಾಗ ಇನ್ನೊಂದು ಕೈ ಖಾಲಿ ಇರಬೇಕು. ಫೋನ್ ಕುತ್ತಿಗೆಗೆ ನೇತುಹಾಕುವ ಚೀಲದಲ್ಲಿರಲಿ. ಇಯರ್‌ಫೋನ್ ಒಂದೇ ಕಿವಿಗೆ, ಅದೂ ಗೋಡೆಯ ಕಡೆಯ ಕಿವಿಗೆ. ಹೊರಗಿನ ಸದ್ದು ತಡೆಯುವಂಥವು ರಸ್ತೆಗೆ ಕೂಡದು. ರಸ್ತೆ ದಾಟುವಾಗ ಅದನ್ನೂ ತೆಗೆಯಿರಿ.

ಐಐಟಿ ದೆಹಲಿ ರೂಪಿಸಿದ ಸ್ಮಾರ್ಟ್‌ಕೇನ್ 2014ರಿಂದ ಸಿಗುತ್ತಿದೆ. ಮಡಚುವ ಕೋಲಿಗೆ ಹಿಡಿಯಾಗಿ ಕೂರುತ್ತದೆ, ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಯನ್ನು ಶಬ್ದತರಂಗದಿಂದ ಕಂಡು ಕಂಪಿಸುತ್ತದೆ. ಹೊರಗೆ 3 ಮೀಟರ್, ಮನೆಯೊಳಗೆ 1.8 ಮೀಟರ್ ದೂರಕ್ಕೆ ಹೊಂದಿಸಬಹುದು. ಲಾರಿಯ ಹಿಂಬದಿಯ ಹಲಗೆ, ತಗ್ಗಿದ ಕೊಂಬೆಗಳು ಕೋಲಿನ ತುದಿಗೆ ಸಿಗುವುದಿಲ್ಲ, ಇದಕ್ಕೆ ಸಿಗುತ್ತವೆ. ಗುಂಡಿ ಸಿಗುವುದಿಲ್ಲ. ಆದ್ದರಿಂದ ಕೋಲು ಆಡಿಸುವುದನ್ನು ಬಿಡುವಂತಿಲ್ಲ.

ಬಸ್ಸಿನ ನಂಬರನ್ನು ಕ್ಯಾಮೆರಾದಿಂದ ಓದಿಸಲು ಹೋಗಬೇಡಿ. ಬಸ್ಸು ಚಲಿಸುತ್ತಿರುತ್ತದೆ, ಎಲ್‌ಇಡಿ ಬೋರ್ಡಿನ ಸಾಲುಗಳು ಒಂದಾದ ಮೇಲೊಂದು ಮಿನುಗುವುದರಿಂದ ಫೋಟೊದಲ್ಲಿ ಅರ್ಧ ಅಂಕಿಯಷ್ಟೇ ಸಿಗುತ್ತದೆ. ಬಾಗಿಲ ಬಳಿ ಕಂಡಕ್ಟರನ್ನು ಕೇಳಿ. ಹತ್ತಿ ಕೂತ ಮೇಲೆ ಮ್ಯಾಪ್ ಹಚ್ಚಿಟ್ಟುಕೊಂಡರೆ ಇಳಿಯುವ ನಿಲ್ದಾಣ ಹತ್ತಿರವಾದದ್ದು ತಿಳಿಯುತ್ತದೆ.

ಜಿಪಿಎಸ್, ನೆಟ್, ಟಾಕ್‌ಬ್ಯಾಕ್ ಒಟ್ಟಿಗೆ ನಡೆದರೆ ಬ್ಯಾಟರಿ ಬೇಗ ಖಾಲಿ. 10,000 ಎಂಎಎಚ್‌ನ ಪವರ್ ಬ್ಯಾಂಕ್ ಚೀಲದಲ್ಲಿರಲಿ. ಕೇಬಲ್ಲಿನ ಎರಡೂ ತುದಿ ಟೈಪ್ ಸಿ ಇರುವುದನ್ನೇ ಕೊಳ್ಳಿ. ಯಾವ ತುದಿ, ಯಾವ ಮಗ್ಗುಲು ಎಂದು ಬಸ್ಸಿನ ಕುಲುಕಾಟದಲ್ಲಿ ತಡಕಾಡುವ ಕೆಲಸ ತಪ್ಪುತ್ತದೆ.