ಹೊಳೆ ನೀರು ಕುಡಿಯುವ ಎಂಜಿನ್

ಮುನಿರಾಬಾದ್ ಕಡೆ, ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಓಡುವ ಒಂದು ದೋಣಿಯ ಎಂಜಿನ್ ನಾನು ನೋಡಿಕೊಳ್ಳುತ್ತೇನೆ. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ದೋಣಿಯ ಹೊಟ್ಟೆಯೊಳಗೇ ಕೂತಿದೆ. ಮೊದಲು ಗಂಗಾವತಿ ಸುತ್ತಮುತ್ತ ಭತ್ತದ ಗದ್ದೆಗಳ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೆ. ಇದೂ ಅದೇ ಅಲ್ವಾ, ಆಯಿಲ್ ಬದಲಿಸಿ ಫಿಲ್ಟರ್ ಹಾಕಿದರೆ ಮುಗೀತು ಎಂದುಕೊಂಡಿದ್ದೆ.

ಈ ಎಂಜಿನ್ ತಣ್ಣಗಿರಲು ಒಂದು ಪಂಪು ಹೊಳೆ ನೀರನ್ನು ಒಳಗೆ ಎಳೆಯುತ್ತದೆ, ಆ ನೀರು ಹೊಗೆಯ ಜೊತೆ ಸೈಲೆನ್ಸರ್‌ನಿಂದ ಹೊರಗೆ ಬೀಳುತ್ತದೆ. ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಜೊತೆಗಿದ್ದ ಹುಡುಗ ಹಿಂದೆ ಬಗ್ಗಿ ನೋಡಿ, 'ಅಣ್ಣಾ, ಸೈಲೆನ್ಸರ್‌ದಾಗ ನೀರ ಬರವಲ್ದು ನೋಡ್ರಿ' ಅಂದ. ಹಿಂದಿನ ರಾತ್ರಿ ಹೊಳೆ ನೀರು ಒಳಗೆ ಬರುವ ವಾಲ್ವ್ ಬಂದ್ ಮಾಡಿದ್ದೆ. ತೆರೆಯುವುದನ್ನು ಮರೆತಿದ್ದೆ! ಪಂಪಿನ ಮುಚ್ಚಳ ಬಿಚ್ಚಿದರೆ ನೀರು ತಳ್ಳುವ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರ್‌ನ, ಎರಡು ರೆಕ್ಕೆ ಮಾಯ. ಅದಕ್ಕೆ ನೀರೇ ಎಣ್ಣೆ ಇದ್ದ ಹಾಗೆ. ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿಗೇ ಸುಟ್ಟು ಹರಿದುಹೋಗುತ್ತದೆ.

ಹೊಸ ಇಂಪೆಲ್ಲರ್ ಹಾಕುವುದು ಹತ್ತು ನಿಮಿಷದ ಕೆಲಸ. ಹರಿದ ತುಂಡು ಹುಡುಕುವುದಕ್ಕೆ ಅರ್ಧ ದಿನ ಹೋಯಿತು. ಒಂದು ಪೈಪಿನ ತಿರುವಿನಲ್ಲಿತ್ತು, ಇನ್ನೊಂದು ಎಂಜಿನ್ನಿನ ಬಿಸಿಯನ್ನು ಹೊಳೆ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬಾಯಿಗೆ ಅಂಟಿಕೊಂಡಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಇಂಪೆಲ್ಲರ್ ಇದ್ದರೂ ಎಂಜಿನ್ ವಿಪರೀತ ಬಿಸಿಯಾಗುತ್ತಿತ್ತು. ಹೊಸದಕ್ಕೆ ಗ್ರೀಸ್ ಹಚ್ಚಬೇಡಿ, ರಬ್ಬರ್ ಕೆಡುತ್ತದೆ. ನಾನು ಸೋಪಿನ ನೀರು ಸವರಿ ಕೂರಿಸುತ್ತೇನೆ. ಈಗ ವಾಲ್ವ್ ಬಂದ್ ಮಾಡಿದರೆ ಎಂಜಿನ್ ಕೀಲಿಯನ್ನು ಅದರ ಹಿಡಿಗೇ ನೇತುಹಾಕುತ್ತೇನೆ.

ಎಂಜಿನ್ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟು ಗಂಟೆ ಓಡಿದ ಮೇಲೆ ಏನು ಬದಲಿಸಬೇಕು ಅಂತ ಎಲ್ಲಕ್ಕೂ ಲೆಕ್ಕ ಬರೆದಿರುತ್ತಾರೆ. ನಮ್ಮ ನೀರು ಆ ಪುಸ್ತಕ ಓದಿಲ್ಲ. ಮಳೆಗಾಲದಲ್ಲಿ ಮಲೆನಾಡಿನಿಂದ ಕೆಂಪು ನೀರು ಬರುತ್ತದೆ, ಜೊತೆಗೆ ಮಣ್ಣು, ಕಸ, ಎಲೆ. ಇನ್ನು ಕೆಲವು ತಿಂಗಳು ನೀರೆಲ್ಲಾ ಪಾಚಿ ಕಟ್ಟಿ ಹಸಿರು. ಹಾಗಾಗಿ ಒಳಗೆ ಬರುವ ನೀರು ಸೋಸುವ ಜಾಲರಿಯನ್ನು ಮಳೆಗಾಲದಲ್ಲಿ ದಿನಾ ತೆಗೆದು ತೊಳೆಯುತ್ತೇನೆ. ಇಂಪೆಲ್ಲರ್ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಬದಲಿಸಿ, ಹಳೆಯದನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ, ನಡುನೀರಿನಲ್ಲಿ ಬೇಕಾಗಬಹುದು.

ಆಯಿಲ್ ಕೆಲಸ ಪಂಪ್‌ಸೆಟ್ಟಿನ ಹಾಗೇ. ಆದರೆ ಇಲ್ಲಿ ಎಂಜಿನ್ ಕೆಳಗೆ ಪಾನಾ ಹಾಕಲೂ ಜಾಗವಿಲ್ಲ. ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಡಿಪ್‌ಸ್ಟಿಕ್ ತೂತಿನಿಂದ ಕೈಪಂಪಿನಲ್ಲಿ ಎಳೆಯುತ್ತೇನೆ. 200 ಗಂಟೆ ಅಂದಿದ್ದಾರೆ, ನಾನು 150ಕ್ಕೇ ಬದಲಿಸುತ್ತೇನೆ. ನಮ್ಮ ದೋಣಿ ಓಡುವುದು ಚಿಕ್ಕ ಚಿಕ್ಕ ಸುತ್ತು, ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಹಳೆ ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಕಂಡರೆ ಮಾತ್ರ ಭಯಪಡಬೇಕು, ಒಳಗೆ ನೀರು ಸೇರಿದೆ ಅಂತ ಅರ್ಥ.

ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಏರ್, ಅಂದರೆ ಒಳಗೆ ಸೇರಿದ ಗಾಳಿ, ತೆಗೆಯಲೇಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಲಿವರ್ ಒತ್ತುತ್ತೇನೆ. ಸುಮ್ನೆ ಸ್ಟಾರ್ಟರ್ ತಿರುಗಿಸುತ್ತಾ ಕೂತರೆ ಬ್ಯಾಟರಿ ಖಾಲಿಯಾಗುತ್ತದೆ ಅಷ್ಟೇ.

ಪಂಪ್‌ಸೆಟ್ ಅನುಭವ ನನಗೆ ಪೆಟ್ಟು ಕೊಟ್ಟಿದ್ದು ಗ್ಲ್ಯಾಂಡಿನಲ್ಲಿ, ಅಂದರೆ ದೋಣಿ ತಳ್ಳುವ ಫ್ಯಾನಿನ ಶಾಫ್ಟ್ ಹೊರಗೆ ಹೋಗುವ ಕಡೆ ನೀರು ಒಳಗೆ ಬರದಂತೆ ತಡೆಯುವ ಬಿಗಿಯಲ್ಲಿ. ಅಲ್ಲಿ ಹನಿ ಹನಿ ನೀರು ಕಂಡಿತು. ಸೋರಿಕೆ ಅಂದುಕೊಂಡು ನಟ್ ಪೂರ್ತಿ ಬಿಗಿದೆ. ಸಂಜೆ ಮುಟ್ಟಿ ನೋಡಿದರೆ ಕೈ ಇಡಲಾಗದಷ್ಟು ಬಿಸಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಒಂದೆರಡು ಹನಿ ಬೀಳಬೇಕು, ಆ ನೀರೇ ಅದನ್ನು ತಣ್ಣಗಿಡುವುದು. ದೋಣಿ ನಿಂತಾಗ ಹನಿ ನಿಲ್ಲಬೇಕು. ಈಗ ಕಾಲು ಸುತ್ತಿಗಿಂತ ಜಾಸ್ತಿ ಬಿಗಿಯುವುದಿಲ್ಲ. ಬಿಗಿದ ಮೇಲೆ ಒಂದು ಸುತ್ತು ಹೋಗಿ ಬಂದು, ಕೈಯಿಟ್ಟು ನೋಡಿ, ಆಮೇಲೆಯೇ ಮನೆಗೆ ಹೊರಡುವುದು.